ಅರಳಿಕಟ್ಟೆಗೆ ಬಂದ ಹೊಸಬ

ಕಡೂರು ತಾಲ್ಲೂಕಿನ ದೇವನೂರು ದೊಡ್ಡ ಊರೇನೂ ಅಲ್ಲ. ಆದರೂ ಕನ್ನಡ ಕಾವ್ಯವನ್ನು ಬಲ್ಲವರಿಗೆ ಆ ಹೆಸರು ಅಪರಿಚಿತವಲ್ಲ. ‘ಜೈಮಿನಿ ಭಾರತ’ವನ್ನು ರಚಿಸಿದ ಲಕ್ಷ್ಮೀಶ ಕವಿಯ ಊರು ಇದೇ ಎಂಬುದು ಬಹುಮಂದಿ ವಿದ್ವಾಂಸರ ಅಭಿಮತ. ವಾರ್ಧಕ ಷಟ್ಪದಿಯಲ್ಲಿ 34 ಸಂಧಿಗಳಾಗಿ ಹರಿದ ಈ ಕಾವ್ಯವನ್ನು ಪಂಡಿತರು ಮೆಚ್ಚಿದರು. ಓದುಬಾರದವರು ಗಮಕಿಗಳ ಬಾಯಲ್ಲಿ ಕೇಳಿ ಮೆಚ್ಚಿದರು. ಅದರಲ್ಲಿ ಬರುವ ಚಂದ್ರಹಾಸನ ಕಥೆಯನ್ನು ಕೇಳದ ಮನೆ ಒಂದು ಕಾಲಕ್ಕೆ ಕನ್ನಡನಾಡಿನಲ್ಲಿ ಅಪರೂಪವಾಗಿತ್ತು.

ದುಷ್ಟಬುದ್ಧಿಯೆಂಬ ಮಂತ್ರಿ ತನ್ನ ಮಗನಿಗೆ ಒಂದು ಪತ್ರ ಬರೆದು ಚಂದ್ರಹಾಸನ ಕೈಯಲ್ಲೇ ಕಳುಹಿಸುತ್ತಾನೆ. ಪತ್ರ ತಂದವನಿಗೆ ವಿಷ ಕೊಡು ಎಂಬುದು ಅದರ ತಾತ್ಪರ್ಯ. ಉದ್ಯಾನದಲ್ಲಿ ಮಲಗಿದ್ದ ತರುಣನನ್ನು ಮಂತ್ರಿಯ ಮಗಳು ವಿಷಯೆ ಕಾಣುತ್ತಾಳೆ, ಪತ್ರವನ್ನು ಓದುತ್ತಾಳೆ, ಒಂದೇ ಒಂದು ಅಕ್ಷರವನ್ನು ತಿದ್ದುತ್ತಾಳೆ. ‘ವಿಷ’ವು ‘ವಿಷಯೆ’ಯಾಗುತ್ತದೆ. ಸಾಯಬೇಕಾಗಿದ್ದವನು ಮದುವಣಿಗನಾಗುತ್ತಾನೆ.

ಒಂದಕ್ಷರದ ತಿದ್ದುಪಡಿಗೆ ಇಂತಹ ಶಕ್ತಿಯಿರುವುದು ಕಾವ್ಯದಲ್ಲಿ ಮಾತ್ರವಲ್ಲ. ಇಂದು ಮನೆಮನೆಯಲ್ಲಿರುವ ಕಂಪ್ಯೂಟರು, ಎಲ್ಲರ ಜೇಬಿನಲ್ಲಿರುವ ಮೊಬೈಲು ಇವುಗಳನ್ನು ನಡೆಸುವ ತಂತ್ರಾಂಶವೂ ಅಕ್ಷರಗಳಲ್ಲಿ ಬರೆದದ್ದೇ. ಅಲ್ಲಿ ಒಂದು ಚಿಹ್ನೆ ತಪ್ಪಿದರೆ ಕೆಲಸ ನಿಲ್ಲುತ್ತದೆ. ಅದನ್ನು ಯಾರಾದರೂ ತಿದ್ದಿದರೆ ಮತ್ತೆ ನಡೆಯುತ್ತದೆ. ಹಾಗೆ ತಿದ್ದುವ ಅಧಿಕಾರ ಯಾರಿಗೆ, ತಿದ್ದಲು ಬಂದ ಹೊಸಬರನ್ನು ಹಳಬರು ಹೇಗೆ ಕಾಣಬೇಕು ಎಂಬ ಪ್ರಶ್ನೆ ಜಗತ್ತಿನ ಅನೇಕ ಸ್ವಯಂಸೇವಕ ಬಳಗಗಳನ್ನು ಕಾಡುತ್ತಿದೆ. ಕನ್ನಡದ ಮಟ್ಟಿಗಂತೂ ಈ ಪ್ರಶ್ನೆ ಅಳಿವು ಉಳಿವಿನದು.

ಬೀಗವಿಲ್ಲದ ಭಂಡಾರ

ತಂತ್ರಾಂಶಗಳಲ್ಲಿ ಎರಡು ಬಗೆ. ಒಂದು, ಕಂಪನಿಗಳು ಗುಟ್ಟಾಗಿಟ್ಟು ಮಾರುವುದು. ಇನ್ನೊಂದು, ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಇತರರಿಗೆ ಹಂಚಬಹುದಾದ ಮುಕ್ತ ತಂತ್ರಾಂಶ. ಹೋಟೆಲಿನಲ್ಲಿ ಸಾರನ್ನು ಕೊಂಡು ಉಣ್ಣುವುದಕ್ಕೂ, ಸಾರಿನ ಪುಡಿ ಮಾಡುವ ಕ್ರಮವನ್ನೇ ನೆರೆಮನೆಯವರಿಂದ ಕಲಿತು ತಮ್ಮ ನಾಲಗೆಗೆ ತಕ್ಕಂತೆ ಬದಲಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿ ಈ ಮಾರ್ಗಕ್ಕೆ ಒಂದು ತತ್ತ್ವದ ತಳಹದಿ ಹಾಕಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಹವ್ಯಾಸಕ್ಕಾಗಿ ಬರೆಯತೊಡಗಿದ ‘ಲಿನಕ್ಸ್’ ತಿರುಳನ್ನು ಲೋಕದ ಮುಂದಿಟ್ಟರು. ಆಗ ಅವರಿಗೆ 21 ವರ್ಷ. ಇಂದು ಆಂಡ್ರಾಯ್ಡ್ ಮೊಬೈಲುಗಳ ಒಳಗೆ ಕೆಲಸ ಮಾಡುತ್ತಿರುವುದು ಆ ತಿರುಳೇ. 2001ರಲ್ಲಿ ಹುಟ್ಟಿದ ವಿಕಿಪೀಡಿಯ ಇದೇ ನೀತಿಯನ್ನು ವಿಶ್ವಕೋಶಕ್ಕೆ ಅನ್ವಯಿಸಿತು. 2003ರ ಜೂನ್ ತಿಂಗಳಲ್ಲಿ ಕನ್ನಡ ವಿಕಿಪೀಡಿಯವೂ ಆರಂಭವಾಯಿತು. ಅಲ್ಲಿಯ ಲೇಖನಗಳೂ, ಆ ತಾಣವನ್ನು ನಡೆಸುವ ತಂತ್ರಾಂಶವೂ ಎಲ್ಲರಿಗೂ ತೆರೆದಿವೆ.

ಸಂಬಳ ಪಡೆದು ಈ ಕೆಲಸ ಮಾಡುವವರೂ ಉಂಟು. ಲಿನಕ್ಸಿನಂತಹ ದೊಡ್ಡ ಯೋಜನೆಗಳಲ್ಲಿ ಅವರೇ ಹೆಚ್ಚು. ಆದರೆ ಸಣ್ಣ ಯೋಜನೆಗಳೂ, ಭಾಷೆಗೆ ಸಂಬಂಧಿಸಿದ ಕೆಲಸಗಳೂ ಬಹುಮಟ್ಟಿಗೆ ನಿಂತಿರುವುದು ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಕೂಡುವವರ ಮೇಲೆ. ಅವರಿಗೆ ಹಾಜರಿ ಪುಸ್ತಕವಿಲ್ಲ, ನಿವೃತ್ತಿಯ ವಯಸ್ಸಿಲ್ಲ. ಇಂದು ಬಂದವರು ನಾಳೆ ಬಾರದಿದ್ದರೆ ಕೇಳುವವರಿಲ್ಲ. ಆದಕಾರಣ ಹೊಸಬರು ಬರುತ್ತಲೇ ಇರಬೇಕು, ಬಂದವರು ನಿಲ್ಲಬೇಕು.

ಮೊದಲ ದಿನದ ಪರೀಕ್ಷೆ

ಹಾಗೆ ಬಂದವರು ನಿಲ್ಲುವುದು ಅಷ್ಟು ಸುಲಭವಲ್ಲ. ದೇವನೂರಿನಿಂದ ಕಡೂರಿನ ಕಾಲೇಜಿಗೆ ಹೋಗಿಬರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ತನ್ನೂರಿನ ಲಕ್ಷ್ಮೀಕಾಂತ ದೇವಾಲಯದ ವಿಷಯವಾಗಿ ಕನ್ನಡ ವಿಕಿಪೀಡಿಯದಲ್ಲಿ ಬರೆಯಬೇಕೆಂಬ ಹಂಬಲ ಅವಳಿಗೆ. ರಾತ್ರಿ ಊಟವಾದ ಮೇಲೆ ಕುಳಿತು ಬರೆಯುತ್ತಾಳೆ. ‘ಜಗತ್ತಿನಲ್ಲೇ ಸಾಟಿಯಿಲ್ಲದ ಸುಂದರ ದೇವಾಲಯ’ ಎಂದು ಆರಂಭಿಸುತ್ತಾಳೆ. ಯಾವುದೋ ಪುಸ್ತಕದಿಂದ ಎರಡು ಪ್ಯಾರಾಗಳನ್ನು ಹಾಗೆಯೇ ಇಳಿಸುತ್ತಾಳೆ. ಆಧಾರ ಕೊಡಬೇಕೆಂಬುದು ಅವಳಿಗೆ ತಿಳಿಯದು. ಹೊಗಳಿಕೆಯ ಮಾತು ವಿಶ್ವಕೋಶಕ್ಕೆ ಸಲ್ಲದೆಂಬುದೂ, ಇನ್ನೊಬ್ಬರ ಬರಹವನ್ನು ನಕಲು ಮಾಡುವುದು ಕಾನೂನಿಗೆ ವಿರೋಧವೆಂಬುದೂ ತಿಳಿಯದು.

ಮರುದಿನ ನೋಡಿದರೆ ಪುಟವೇ ಇಲ್ಲ. ‘ಹಕ್ಕುಸ್ವಾಮ್ಯ ಉಲ್ಲಂಘನೆ: ಅಳಿಸಲಾಗಿದೆ’ ಎಂಬ ಒಂದು ಸಾಲಿನ ಒಕ್ಕಣೆ ಮಾತ್ರ ಇದೆ. ಅಳಿಸಿದವರು ನಿಯಮದ ಪ್ರಕಾರ ಮಾಡಿದ್ದು ಸರಿಯೇ. ಆದರೆ ಹುಡುಗಿಗೆ ಅರ್ಥವಾಗುವುದು ಒಂದೇ: ‘ಇದು ನನ್ನಂಥವಳಿಗೆ ಹೇಳಿದ್ದಲ್ಲ.’ ಅವಳು ಜಗಳವಾಡುವುದಿಲ್ಲ, ದೂರು ಕೊಡುವುದಿಲ್ಲ, ಸುಮ್ಮನೆ ಹೊರಟುಹೋಗುತ್ತಾಳೆ. ಇಂತಹ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಅದೇ ಸಂದರ್ಭದಲ್ಲಿ ಹಳಬರೊಬ್ಬರು ಎರಡು ನಿಮಿಷ ಹೆಚ್ಚು ವ್ಯಯಿಸಿ ಹೀಗೆ ಬರೆದಿದ್ದರೆ? ‘ನಮಸ್ಕಾರ. ದೇವನೂರಿನ ದೇವಾಲಯದ ಮೇಲೆ ಲೇಖನ ಬೇಕಾಗಿತ್ತು. ನೀವು ಕೈಹಾಕಿದ್ದು ಸಂತೋಷ. ಪುಸ್ತಕದ ವಾಕ್ಯಗಳನ್ನು ಹಾಗೆಯೇ ಹಾಕುವಂತಿಲ್ಲವಾದ್ದರಿಂದ ಆ ಭಾಗವನ್ನು ತೆಗೆಯಬೇಕಾಯಿತು. ಅದೇ ವಿಷಯವನ್ನು ನಿಮ್ಮ ಮಾತಿನಲ್ಲಿ ಬರೆದು, ಪುಸ್ತಕದ ಹೆಸರನ್ನೂ ಪುಟವನ್ನೂ ಕೆಳಗೆ ಕೊಡಿ. ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.’ ನಿಯಮ ಇಲ್ಲಿಯೂ ಸಡಿಲವಾಗಲಿಲ್ಲ. ನಕಲು ಇಲ್ಲಿಯೂ ಉಳಿಯಲಿಲ್ಲ. ಉಳಿದದ್ದು ಹುಡುಗಿ.

ಗದರಿಕೆಯ ಬೆಲೆ

ಇದು ಕೇವಲ ಸೌಜನ್ಯದ ಮಾತೆಂದು ಯಾರಾದರೂ ಭಾವಿಸಿದರೆ, ಇಂಗ್ಲಿಷ್ ವಿಕಿಪೀಡಿಯದ ಇತಿಹಾಸವನ್ನು ನೋಡಬಹುದು. ಅಲ್ಲಿ ಸಕ್ರಿಯ ಲೇಖಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ, ಅಲ್ಲಿಂದ ಮುಂದೆ ವರ್ಷಗಟ್ಟಲೆ ಇಳಿಯುತ್ತ ಬಂದಿತು. ಕಾರಣವೇನೆಂದು ಆರನ್ ಹಾಫೇಕರ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಸಂಶೋಧನೆ ವಿಚಾರಾರ್ಹವಾಗಿದೆ. ಕಿಡಿಗೇಡಿಗಳ ಕಾಟವನ್ನು ತಡೆಯಲು ಹಳಬರು ಬಿಗಿಯಾದ ನಿಯಮಗಳನ್ನೂ ತಿದ್ದುಪಡಿಗಳನ್ನು ಕ್ಷಣದಲ್ಲಿ ರದ್ದುಮಾಡುವ ಯಂತ್ರೋಪಕರಣಗಳನ್ನೂ ಮಾಡಿಕೊಂಡಿದ್ದರು. ಗುಣಮಟ್ಟವೇನೋ ಉಳಿಯಿತು. ಆದರೆ ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವೂ ಅದೇ ಜರಡಿಯಲ್ಲಿ ಹೊರಬಿದ್ದಿತು. ಹಾಗೆ ಹೊರಬಿದ್ದವರು ಹಿಂದಿರುಗಲಿಲ್ಲ. ಕಳೆ ಕೀಳುವ ಅವಸರದಲ್ಲಿ ಪೈರೂ ಕಿತ್ತುಬಂದಂತಾಯಿತು.

ಈ ಅಪಾಯವನ್ನರಿತು 2012ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಟೀಹೌಸ್’ ಎಂಬ ಅಂಗಳವನ್ನು ತೆರೆದರು. ಹೊಸಬರು ಎಷ್ಟೇ ಸಣ್ಣ ಪ್ರಶ್ನೆಯನ್ನಾದರೂ ಅಲ್ಲಿ ಕೇಳಬಹುದು. ಉತ್ತರಿಸುವವರು ತಾಳ್ಮೆಯಿಂದ ಉತ್ತರಿಸಬೇಕು. ಚಹದಂಗಡಿಯ ಆ ಕಲ್ಪನೆ ಕನ್ನಡಿಗರಿಗೆ ಹೊಸದೇನಲ್ಲ. ಕನ್ನಡ ವಿಕಿಪೀಡಿಯದಲ್ಲಿ ಬಳಗದವರು ಸೇರಿ ಚರ್ಚಿಸುವ ಪುಟದ ಹೆಸರೇ ‘ಅರಳಿಕಟ್ಟೆ’. ಅರಳಿಕಟ್ಟೆಯ ಮೇಲೆ ಯಾರು ಬೇಕಾದರೂ ಕೂಡಬಹುದು. ಆದರೆ ಪರಸ್ಥಳದವನು ಬಂದಾಗ ‘ಯಾವೂರಾಯಿತು? ಬನ್ನಿ, ಕುಳಿತುಕೊಳ್ಳಿ’ ಎನ್ನುವವರೊಬ್ಬರು ಅಲ್ಲಿರದಿದ್ದರೆ ಕಟ್ಟೆ ಬರಿಯ ಕಲ್ಲು.

ಲಿನಕ್ಸಿನ ಬಳಗದಲ್ಲಿಯೂ ಇಂತಹ ಸಂಕಟ ತೋರಿತು. ಟೋರ್ವಾಲ್ಡ್ಸ್ ತಮ್ಮ ಪತ್ರಗಳಲ್ಲಿ ಬಳಸುತ್ತಿದ್ದ ಕಟುನುಡಿ ಲೋಕಪ್ರಸಿದ್ಧವಾಗಿತ್ತು. ಅವರ ಕೋಪ ಬಹುಮಟ್ಟಿಗೆ ನುರಿತವರ ಮೇಲೆಯೇ ಹೊರತು ಹೊಸಬರ ಮೇಲಲ್ಲ ಎಂಬುದು ನಿಜ. ಆದರೆ ಒಳಮನೆಯಲ್ಲಿ ಹಿರಿಯ ಮಗನನ್ನು ಬೈದರೂ ಬಾಗಿಲಲ್ಲಿ ನಿಂತ ನೆಂಟನಿಗೆ ಅದು ಕೇಳದೆ ಇರುತ್ತದೆಯೆ? 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರ ಉಳಿದರು. ಅದೇ ಸಮಯದಲ್ಲಿ ಆ ಬಳಗವು ಒಂದು ನಡವಳಿಕೆಯ ಸಂಹಿತೆಯನ್ನು ಒಪ್ಪಿಕೊಂಡಿತು.

ಕೋಡಂಗಿಯ ವೇಷ

ಗದರದಿರುವುದಷ್ಟೇ ಸಹಾಯವಲ್ಲ. ಹೊಸಬನಿಗೆ ಕೈತುಂಬ ಕೆಲಸವೂ ಬೇಕು; ಆ ಕೆಲಸ ಅವನ ಅಳವಿಗೆ ಸಿಕ್ಕುವಂತಹುದಾಗಿರಬೇಕು.

ಲಕ್ಷ್ಮೀಶನ ಕಾವ್ಯದಲ್ಲಿ ಬರುವ ಸುಧನ್ವ, ಬಭ್ರುವಾಹನ, ಚಂದ್ರಹಾಸರ ಕಥೆಗಳು ಯಕ್ಷಗಾನದ ರಂಗಸ್ಥಳದಲ್ಲಿಯೂ ಮೆರೆದಿವೆ. ಆ ಯಕ್ಷಗಾನದ ಮೇಳಗಳು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದವು. ಕಲಿಯಲು ಬಂದ ಹುಡುಗನಿಗೆ ಮೊದಲ ದಿನವೇ ಅರ್ಜುನನ ಕಿರೀಟ ಕಟ್ಟುವುದಿಲ್ಲ. ಹಾಗೆಂದು ಚೌಕಿಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂರಿಸುವುದೂ ಇಲ್ಲ. ಪೂರ್ವರಂಗದಲ್ಲಿ ಕೋಡಂಗಿಯ ವೇಷ ಹಾಕಿ ಕುಣಿಯಲು ಬಿಡುವರು. ಬಳಿಕ ಬಾಲಗೋಪಾಲ, ಅನಂತರ ಪೀಠಿಕೆಯ ಸ್ತ್ರೀವೇಷ. ಹೆಜ್ಜೆ ತಪ್ಪಿದರೂ ಪ್ರಸಂಗ ಕೆಡುವುದಿಲ್ಲ. ಆದರೆ ಚೆಂಡೆ ನಿಜವಾದದ್ದು, ರಂಗಸ್ಥಳ ನಿಜವಾದದ್ದು, ಮುಂದೆ ಕುಳಿತ ಜನ ನಿಜವಾದವರು. ಹುಡುಗನು ಕಲಿಯುವುದು ಅಲ್ಲಿಯೇ.

ಮುಕ್ತ ತಂತ್ರಾಂಶದ ಬಳಗಗಳೂ ಈಚೆಗೆ ಈ ದಾರಿಯನ್ನು ಹಿಡಿದಿವೆ. ಬಾಕಿ ಕೆಲಸಗಳ ಪಟ್ಟಿಯಲ್ಲಿ ಸುಲಭವಾದವನ್ನು ಆರಿಸಿ ‘ಮೊದಲ ಕೆಲಸಕ್ಕೆ ತಕ್ಕದ್ದು’ ಎಂಬ ಚೀಟಿ ಅಂಟಿಸುವರು. ಬಲ್ಲವರು ಹತ್ತು ನಿಮಿಷದಲ್ಲಿ ಮುಗಿಸಬಹುದಾದುದನ್ನು ಬೇಕೆಂದೇ ಬಿಟ್ಟು, ಹೊಸಬರು ಎರಡು ದಿನ ಹೆಣಗಲೆಂದು ಕಾಯುವರು. ಗೂಗಲ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಸಮ್ಮರ್ ಆಫ್ ಕೋಡ್’ ಏರ್ಪಾಡಿನಲ್ಲಿ ಕಲಿಯುವವರಿಗೆ ಒಬ್ಬ ಮಾರ್ಗದರ್ಶಿಯೂ ಗೌರವಧನವೂ ದೊರೆಯುತ್ತವೆ. ಭಾರತದ ವಿದ್ಯಾರ್ಥಿಗಳು ಅದರಲ್ಲಿ ಬಹುಸಂಖ್ಯೆಯಲ್ಲಿ ಪಾಲ್ಗೊಂಡಿದ್ದಾರೆ. ‘ಔಟ್‌ರೀಚಿ’ ಎಂಬ ಇನ್ನೊಂದು ಯೋಜನೆ, ಈ ಕ್ಷೇತ್ರದಲ್ಲಿ ವಿರಳವಾಗಿದ್ದ ಮಹಿಳೆಯರಿಗಾಗಿ ಆರಂಭವಾಗಿ, ಅನಂತರ ಅವಕಾಶವಂಚಿತರಾದ ಇತರರಿಗೂ ಬಾಗಿಲು ತೆರೆಯಿತು.

ಕನ್ನಡದಲ್ಲಿಯೂ ಕೋಡಂಗಿಯ ವೇಷಗಳಿಗೆ ಕೊರತೆಯಿಲ್ಲ. ಹಳೆಯ ಪುಸ್ತಕಗಳನ್ನು ಅಂತರಜಾಲಕ್ಕೆ ಏರಿಸುವ ವಿಕಿಸೋರ್ಸಿನಲ್ಲಿ ಅಚ್ಚಿನ ಪುಟದ ಚಿತ್ರ ಒಂದು ಕಡೆ, ಯಂತ್ರವು ಓದಿ ಕೊಟ್ಟ ಪಾಠ ಇನ್ನೊಂದು ಕಡೆ ಇರುತ್ತವೆ. ಯಂತ್ರಕ್ಕೆ ದಕಾರ ಧಕಾರಗಳ ನಡುವೆ ಗೊಂದಲ. ಪಕಾರ ಷಕಾರಗಳ ನಡುವೆ ಭ್ರಾಂತಿ. ಎರಡನ್ನೂ ಹೋಲಿಸಿ ತಿದ್ದುವುದೇ ಕೆಲಸ. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು. ಮತ್ತೊಬ್ಬರು ನೋಡಿ ಒಪ್ಪಿದ ಮೇಲೆ ಹಸಿರು. ಕನ್ನಡ ಓದಬಲ್ಲ ಯಾವ ಗೃಹಿಣಿಯೂ, ಯಾವ ನಿವೃತ್ತ ಮೇಷ್ಟರೂ ಇದನ್ನು ಮಾಡಬಹುದು. ತಾಳೆಯೋಲೆಯ ಕಾಲದಲ್ಲಿ ಪ್ರತಿ ಮಾಡಿದ ಲಿಪಿಕಾರರು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೊನೆಯಲ್ಲಿ ಬೇಡಿಕೊಳ್ಳುವ ಪದ್ಧತಿಯಿತ್ತು. ಆ ಬೇಡಿಕೆಗೆ ಈಗ ಉತ್ತರ ಕೊಡಬಹುದಾಗಿದೆ.

ತಿದ್ದುವ ರೀತಿ

ತಂತ್ರಾಂಶವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಹೊಸಬರು ಎಡವುವ ಜಾಗಗಳು ಹಳಬರಿಗೆ ಚೆನ್ನಾಗಿ ತಿಳಿದಿರುತ್ತವೆ. ‘ಸೇವ್’ ಎಂಬ ಗುಂಡಿಗೆ ನಿಘಂಟು ನೋಡಿ ‘ರಕ್ಷಿಸು’ ಎಂದು ಬರೆಯುವವರುಂಟು. ಬರೆದುದನ್ನು ‘ಉಳಿಸು’ ಎಂಬ ಅರ್ಥ ಅಲ್ಲಿಯದು. ‘ಹೋಮ್’ ಎಂದರೆ ‘ಮನೆ’ ಎಂದು ಬರೆಯುವವರುಂಟು, ಬೇಕಾದುದು ‘ಮುಖಪುಟ’. ವಾಕ್ಯದ ನಡುವೆ ಶೇಕಡಾ ಗುರುತಿನಂತಹ ಒಂದು ಚಿಹ್ನೆಯಿದ್ದರೆ ಅಚ್ಚಿನ ದೋಷವೆಂದು ತಿಳಿದು ಅಳಿಸಿಬಿಡುವರು. ಅದು ಯಂತ್ರವು ಅಂಕಿಯನ್ನು ತುಂಬಬೇಕಾದ ಸ್ಥಳ. ಅಳಿಸಿದರೆ ತಂತ್ರಾಂಶವೇ ಮುಗ್ಗರಿಸುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯಹೊರಟರೆ ವಕಾರವು ಒತ್ತಾಗಿ ಕೆಳಗಿಳಿದು ಕೂಡುವುದು. ಅದನ್ನು ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಡುವೆ ಒತ್ತಬೇಕೆಂಬುದು ಹೇಳಿಕೊಡದ ಹೊರತು ಯಾರಿಗೂ ಹೊಳೆಯದು.

ಇಲ್ಲಿ ತಿದ್ದುವ ರೀತಿ ಮೂರು. ಒಂದು, ‘ತಪ್ಪು’ ಎಂದು ಹೇಳಿ ಹಿಂದಿರುಗಿಸುವುದು. ಹೊಸಬನು ಇದರಿಂದ ಏನನ್ನೂ ಕಲಿಯುವುದಿಲ್ಲ. ಎರಡು, ತಾವೇ ಸರಿಪಡಿಸಿ ಸುಮ್ಮನಾಗುವುದು. ಕೆಲಸ ನೆಟ್ಟಗಾಗುತ್ತದೆ, ಆದರೆ ಅದೇ ತಪ್ಪು ನಾಳೆಯೂ ಬರುತ್ತದೆ. ಮೂರನೆಯದು, ಏಕೆ ತಪ್ಪೆಂಬುದನ್ನು ಒಂದೆರಡು ವಾಕ್ಯಗಳಲ್ಲಿ ವಿವರಿಸಿ, ಬರೆದವರ ಕೈಯಿಂದಲೇ ಸರಿಪಡಿಸುವುದು. ಇದಕ್ಕೆ ಹೆಚ್ಚು ಹೊತ್ತು ಬೇಕು. ಆದರೆ ನಾಲ್ಕನೆಯ ಬಾರಿಗೆ ಆ ವಿವರಣೆಯನ್ನು ಬರೆಯಬೇಕಾಗಿ ಬಂದಾಗ, ಜಾಣರು ಅದನ್ನು ಒಂದು ಪುಟದಲ್ಲಿ ಬರೆದಿಟ್ಟುಬಿಡುವರು. ಒಳ್ಳೆಯ ಕೈಪಿಡಿಗಳು ಹುಟ್ಟುವುದು ಹೀಗೆ: ಹೊಸಬರ ಪ್ರಶ್ನೆಗಳಿಂದ.

ಇದರಲ್ಲಿ ಹೊಸಬರ ಹೊಣೆಯೂ ಇದೆ. ಇದ್ದ ಸೂಚನೆಗಳನ್ನು ಓದಿ ಬರುವುದು, ಏನು ಮಾಡಿದಾಗ ಏನಾಯಿತೆಂದು ಬಿಡಿಸಿ ಹೇಳುವುದು, ಉತ್ತರಕ್ಕೆ ಕಾಯುವುದು, ಉತ್ತರ ದೊರೆತ ಮೇಲೆ ಫಲವೇನಾಯಿತೆಂದು ತಿಳಿಸುವುದು. ‘ನನ್ನದು ಓಡುತ್ತಿಲ್ಲ, ತುರ್ತು’ ಎಂಬಷ್ಟನ್ನೇ ಬರೆದರೆ, ರೋಗ ಹೇಳದೆ ಮದ್ದು ಕೇಳಿದಂತಾದೀತು.

ಹಿರಿಯರ ಕಷ್ಟ

ಹಳಬರ ಬೇಸರಕ್ಕೆ ಕಾರಣವಿಲ್ಲವೆಂದಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಅಕ್ಟೋಬರ್ ತಿಂಗಳಲ್ಲಿ ಮುಕ್ತ ತಂತ್ರಾಂಶಕ್ಕೆ ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಒಂದು ಅಂಗಿ ಎಂಬ ಬಹುಮಾನದ ಹಬ್ಬವೊಂದು ಅಮೆರಿಕದ ಕಂಪನಿಯೊಂದರ ಆಶ್ರಯದಲ್ಲಿ ನಡೆಯುತ್ತಿತ್ತು. ‘ಹ್ಯಾಕ್ಟೋಬರ್‌ಫೆಸ್ಟ್’ ಎಂದು ಅದರ ಹೆಸರು. 2020ರಲ್ಲಿ ಅಂಗಿಯ ಆಸೆಗೆ ಬಿದ್ದವರು ಅರ್ಥವಿಲ್ಲದ ತಿದ್ದುಪಡಿಗಳನ್ನು ರಾಶಿರಾಶಿಯಾಗಿ ಸುರಿದರು; ಎಲ್ಲಿಯೋ ಒಂದು ವಿಶೇಷಣ ಸೇರಿಸಿ ಕಳುಹಿಸಿದರು. ಯೋಜನೆಗಳ ನಿರ್ವಾಹಕರು ತಮ್ಮ ಕೆಲಸ ಬಿಟ್ಟು ಈ ಕಸವನ್ನು ಗುಡಿಸುತ್ತ ಕೂರಬೇಕಾಯಿತು. ಕೊನೆಗೆ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಕಳುಹಿಸಿದ್ದು ಮಾತ್ರ ಲೆಕ್ಕಕ್ಕೆ ಎಂದು ನಿಯಮವನ್ನು ಬದಲಿಸಿದರು. ಬಹುಮಾನಕ್ಕಾಗಿ ಬಂದವರನ್ನೂ ಕಲಿಯಲು ಬಂದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಸಂಕಟ ಅದು.

ಇದಕ್ಕಿಂತ ಗಂಭೀರವಾದ ಪ್ರಕರಣ 2024ರದು. ಲಿನಕ್ಸ್ ವ್ಯವಸ್ಥೆಗಳಲ್ಲಿ ಎಲ್ಲೆಲ್ಲಿಯೂ ಬಳಕೆಯಲ್ಲಿರುವ ‘ಎಕ್ಸ್‌ಜೆಡ್’ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ಒಬ್ಬ ಸ್ವಯಂಸೇವಕರು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು. 2021ರಲ್ಲಿ ಅಲ್ಲಿಗೆ ಒಬ್ಬ ‘ಹೊಸಬ’ ಬಂದನು; ಎರಡು ವರ್ಷಕ್ಕೂ ಹೆಚ್ಚು ಕಾಲ ವಿನಯದಿಂದ ದುಡಿದು ನಂಬಿಕೆ ಗಳಿಸಿದನು; ಅಧಿಕಾರ ಕೈಗೆ ಬಂದ ಮೇಲೆ ಒಳಗೆ ಕಳ್ಳಬಾಗಿಲೊಂದನ್ನು ಇಟ್ಟನು. ತನ್ನ ಯಂತ್ರ ಅರ್ಧ ಸೆಕೆಂಡಿನಷ್ಟು ತಡಮಾಡುತ್ತಿದೆಯಲ್ಲ ಎಂದು ಸಂಶಯಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದನ್ನು 2024ರ ಮಾರ್ಚ್ 29ರಂದು ಬಯಲಿಗೆಳೆದರು. ದೊಡ್ಡ ಅನಾಹುತವೊಂದು ತಪ್ಪಿತು.

ಹಾಗಾದರೆ ಹೊಸಬರನ್ನು ನಂಬಲೇಬಾರದೆ? ಪ್ರಕರಣವನ್ನು ನಿಧಾನವಾಗಿ ನೋಡಿದರೆ ಹೊಳೆಯುವ ಪಾಠ ಬೇರೆಯೇ ಆಗಿದೆ. ಅಲ್ಲಿ ಕಳ್ಳನಿಗೆ ದಾರಿಯಾದದ್ದು ಬಾಗಿಲು ತೆರೆದಿದ್ದುದಲ್ಲ. ಒಳಗೆ ಒಬ್ಬರೇ ಇದ್ದುದು. ನಾಲ್ಕಾರು ಮಂದಿ ಬಲ್ಲವರಿದ್ದಿದ್ದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಬಹುದಾಗಿತ್ತು. ಆ ನಾಲ್ಕಾರು ಮಂದಿ ಆಕಾಶದಿಂದ ಇಳಿಯುವುದಿಲ್ಲ. ಎಂದೋ ಒಂದು ದಿನ ಹೊಸಬರಾಗಿ ಬಂದವರೇ ಬೆಳೆದು ಬಲ್ಲವರಾಗಬೇಕು. ಕೆಲಸವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವುದು, ಮನುಷ್ಯನನ್ನು ಮೃದುವಾಗಿ ಕಾಣುವುದು ಇವೆರಡೂ ಒಂದಕ್ಕೊಂದು ವಿರೋಧವಲ್ಲ. ಒಳ್ಳೆಯ ಸಂಗೀತದ ಗುರುಗಳು ಶ್ರುತಿಯ ವಿಷಯದಲ್ಲಿ ಎಳ್ಳಷ್ಟೂ ಬಿಟ್ಟುಕೊಡುವುದಿಲ್ಲ, ಶಿಷ್ಯನನ್ನೂ ಬಿಟ್ಟುಕೊಡುವುದಿಲ್ಲ.

ಚಿಕ್ಕ ಬಳಗದ ದೊಡ್ಡ ಹೊಣೆ

ಇಂಗ್ಲಿಷಿನ ಬಳಗ ವಿಶಾಲವಾದದ್ದು. ಅಲ್ಲಿ ನೂರು ಮಂದಿ ಮುನಿಸಿಕೊಂಡು ಹೋದರೆ ಇನ್ನೂರು ಮಂದಿ ಬಂದಾರು. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು 4 ಕೋಟಿ 37 ಲಕ್ಷ ಮಂದಿ. ಆದರೆ ಬಿಡುವು ಮಾಡಿಕೊಂಡು ಕನ್ನಡಕ್ಕಾಗಿ ಅಂತರಜಾಲದಲ್ಲಿ ದುಡಿಯುವವರು ಅದರಲ್ಲಿ ಬಹು ಸ್ವಲ್ಪ. ಇಲ್ಲಿ ಹೊರಟುಹೋದ ಒಬ್ಬಳು ಹುಡುಗಿಯ ಜಾಗ ಹತ್ತು ವರ್ಷ ಬರಿದಾಗಿಯೇ ಇರಬಹುದು. ಅವಳೂರಿನ ದೇವಾಲಯದ ವಿಷಯವನ್ನು ಅವಳಷ್ಟು ಅಕ್ಕರೆಯಿಂದ ಬರೆಯುವವರು ಬೇರೊಬ್ಬರು ಇಲ್ಲದಿರಬಹುದು.

ತಾಳ್ಮೆಯ ಫಲವನ್ನು ನೋಡಬೇಕಾದರೆ ನೆರೆಯ ತುಳುವಿನ ಕಡೆಗೆ ತಿರುಗಿದರೆ ಸಾಕು. ತುಳು ವಿಕಿಪೀಡಿಯವು ಎಂಟು ವರ್ಷಗಳಷ್ಟು ಕಾಲ ಪ್ರಾಯೋಗಿಕ ಅವಸ್ಥೆಯಲ್ಲಿಯೇ ಇದ್ದು, 2016ರ ಆಗಸ್ಟಿನಲ್ಲಿ ಸ್ವತಂತ್ರ ತಾಣವಾಯಿತು. ಅಷ್ಟು ದೀರ್ಘಕಾಲದ ಕೆಲಸ ಒಂದು ದಿನದ ಉತ್ಸಾಹದಿಂದ ಆಗುವುದಲ್ಲ. ಕಾರ್ಯಾಗಾರಗಳಲ್ಲಿ ಪಕ್ಕದಲ್ಲಿ ಕುಳಿತು ಕೀಲಿಮಣೆ ತೋರಿಸಿದವರು, ಕೆಟ್ಟ ವಾಕ್ಯವನ್ನು ನಗದೆ ತಿದ್ದಿದವರು, ಬಿಟ್ಟುಹೋದವರನ್ನು ಮತ್ತೆ ಕರೆದವರು ಇದ್ದಲ್ಲಿ ಮಾತ್ರ ಆಗತಕ್ಕದ್ದು.

ಹಾಡುತ್ತ ಹಾಡುತ್ತ ರಾಗ ಎಂದು ಹಿರಿಯರು ಹೇಳಿದ್ದಾರೆ. ಆದರೆ ಅಪಸ್ವರ ಹೊರಟ ಮೊದಲ ದಿನವೇ ‘ಎದ್ದು ಹೋಗು’ ಎಂದರೆ ರಾಗ ಬರುವುದೆಂತು? ಇಂದು ಬಳಗದಲ್ಲಿ ಹಿರಿಯರೆನಿಸಿಕೊಂಡ ಪ್ರತಿಯೊಬ್ಬರ ಮೊದಲ ತಪ್ಪನ್ನೂ ಯಾರೋ ಒಬ್ಬರು ಸಹಿಸಿ ತಿದ್ದಿರಲೇಬೇಕು. ಆ ಸಾಲವನ್ನು ಕೊಟ್ಟವರಿಗೆ ಹಿಂದಿರುಗಿಸಲು ಸಾಧ್ಯವಿಲ್ಲ; ಮುಂದೆ ಬಂದವರಿಗೆ ಸಲ್ಲಿಸಬಹುದು, ಅಷ್ಟೆ.